ವಾಸಿಯಾಗದವರ ಆರೈಕೆ: ಕುಂದಲಹಳ್ಳಿಯವರೆಗೆ, ಅಲ್ಲಿಂದ ಮುಂದೆ

ಬೆಂಗಳೂರಿಗೆ ಆಸ್ಪತ್ರೆಗಳ ಬರ ಎಂದೂ ಇರಲಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರದು. ಇಂದಿರಾನಗರದಲ್ಲಿ ಚಿನ್ಮಯ ಮಿಷನ್ ಆಸ್ಪತ್ರೆ ಬಂದಿತು, ಹೊಸೂರು ರಸ್ತೆಯಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿತು. ಆದರೆ ಇವೆಲ್ಲ ವಾಸಿಯಾಗುವವರಿಗೆ, ಕಡೇಪಕ್ಷ ವಾಸಿಯಾಗಬಹುದೆಂಬ ಆಸೆಯುಳ್ಳವರಿಗೆ. ಕ್ಯಾನ್ಸರ್ ಕೈಮೀರಿತೆಂದು ಗೊತ್ತಾದ ದಿನ ರೋಗಿಗೂ ಮನೆಯವರಿಗೂ ಸಿಗುತ್ತಿದ್ದುದು ಒಂದೇ ಮಾತು: ‘ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ.’ ಆಮೇಲೆ ಹಲಸೂರಿನ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಯಾವ ಕೇಸ್ ಶೀಟಿನಲ್ಲೂ ದಾಖಲಾಗಿಲ್ಲ. ವಾಸಿಯಾಗದವರಿಗೆ ಕೊಡುವ ಹಾಸ್ಪೈಸ್ ಆರೈಕೆಯ ಚರಿತ್ರೆ ಆ ಖಾಲಿ ಪುಟದಿಂದ ಶುರುವಾಗುತ್ತದೆ.

ಇದಕ್ಕೆ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ; ಹಾಸಿಗೆಯ ಮೂರೂ ಕಡೆಯಿಂದ ರೋಗಿಯನ್ನು ಕಂಡವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ದೇಹಕ್ಕಷ್ಟೇ ಸೇರಿದ್ದಲ್ಲ. ಸಾಲದ ಚಿಂತೆ, ಮಕ್ಕಳ ಮದುವೆ, ‘ನನಗೇ ಯಾಕೆ ಹೀಗಾಯ್ತು’ ಎಂಬ ಪ್ರಶ್ನೆ ಎಲ್ಲ ಸೇರಿದ್ದು ನೋವು ಎಂಬುದು ಅವರ ನಿಲುವು. ಜೊತೆಗೆ ಮಾರ್ಫಿನ್ನನ್ನು ನೋವು ಕೆರಳಿದ ಮೇಲಲ್ಲ, ಕೆರಳುವ ಮುನ್ನವೇ, ಹೊತ್ತು ಹೊತ್ತಿಗೆ ಬಾಯಿಯ ಮೂಲಕ ಕೊಡಬೇಕೆಂದು ತೋರಿಸಿಕೊಟ್ಟರು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕಾಣಿಕೆ ಈ ಎರಡನೆಯದು. ನೋವಿನಿಂದ ಕಿರುಚುತ್ತಿರುವವರ ಜೊತೆ ಬದುಕಿನ ಅರ್ಥ ಮಾತಾಡಲಾಗುವುದಿಲ್ಲ.

ಭಾರತದ ಮೊದಲ ಹಾಸ್ಪೈಸ್, ಮುಂಬೈ ಬಾಂದ್ರಾದ ಶಾಂತಿ ಅವೇದನಾ, ಡಾ. ಎಲ್.ಜೆ. ಡಿಸೋಜ ಅವರಿಂದ 1986ರಲ್ಲಿ ಶುರುವಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಔಷಧ ಪಟ್ಟಿ ಕೊಟ್ಟಿತು. ಮೇಲಿನ ಮೆಟ್ಟಿಲಲ್ಲಿ ಮಾರ್ಫಿನ್. ನಮ್ಮಲ್ಲಿ ಮಾತ್ರ ಹಿಂದಿನ ವರ್ಷವಷ್ಟೇ, 1985ರಲ್ಲಿ, ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ ಜಾರಿಗೆ ಬಂದಿತ್ತು. ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕಾದರೆ ಅಬಕಾರಿ, ಔಷಧ ನಿಯಂತ್ರಣ ಎಂದು ನಾಲ್ಕೈದು ಪರವಾನಗಿ ಬೇಕಿತ್ತು, ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಲೆಕ್ಕದಲ್ಲಿ ಚೂರು ತಪ್ಪಿದರೂ ಜೈಲಿನ ಭಯ. ಮುಂದಿನ ಹತ್ತು–ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 97ರಷ್ಟು ಕುಸಿಯಿತು. ಔಷಧಕ್ಕಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ನಾಡಿನಲ್ಲಿ ಇಲ್ಲಿನ ರೋಗಿಗೆ ಹತ್ತು ಮಿಲಿಗ್ರಾಂ ಮಾತ್ರೆ ಸಿಗಲಿಲ್ಲ. ಒಂದು ಪೀಳಿಗೆಯ ವೈದ್ಯರು ಅದನ್ನು ಬರೆಯಲು ಕಲಿಯದೇ ಪಾಸಾದರು. ‘ಚಟ ಹತ್ತುತ್ತೆ’ ಎಂಬ ಅಂಜಿಕೆ ಮನೆಯವರಿಗಿಂತ ಅವರಲ್ಲೇ ಹೆಚ್ಚು. ಕೇಂದ್ರದಲ್ಲಿ ತಿದ್ದುಪಡಿಯಾಗಿ ಒಂದೇ ಪರವಾನಗಿಯ ವ್ಯವಸ್ಥೆಗೆ ದಾರಿಯಾದದ್ದು 2014ರಲ್ಲಿ.

ಬೆಂಗಳೂರು ಅಲ್ಲಿಯವರೆಗೆ ಕಾಯಲಿಲ್ಲ. 1994ರಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ರೋಟರಿ ಬೆಂಗಳೂರು ಇಂದಿರಾನಗರ ಸೇರಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದವು. ಮುಂದಾಳು ಕಿಶೋರ್ ರಾವ್ ವೈದ್ಯರಲ್ಲ. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು. ಜಾಗ, ಕಟ್ಟಡ ಆಗಲಿ ಎಂದು ಕೂರದೆ 1995ರಲ್ಲೇ ಮನೆಭೇಟಿ ಶುರುಮಾಡಿದರು. ನರ್ಸು ಮತ್ತು ಕೌನ್ಸೆಲರ್ ಮನೆಗೇ ಹೋಗುವುದು, ಗಾಯ ತೊಳೆದು ಕಟ್ಟುವುದು, ಕಟ್ಟುವ ಬಗೆಯನ್ನು ಮನೆಯವರಿಗೆ ಕಲಿಸುವುದು. 1999ರ ಮೇನಲ್ಲಿ ಹಳೇ ವಿಮಾನ ನಿಲ್ದಾಣ–ವರ್ತೂರು ರಸ್ತೆಯಲ್ಲಿ, ಕುಂದಲಹಳ್ಳಿ ಗೇಟಿನ ಬಳಿ, ಸರ್ಕಾರ ಕೊಟ್ಟ ಐದು ಎಕರೆಯಲ್ಲಿ ‘ಕರುಣಾಶ್ರಯ’ ತೆರೆಯಿತು. ವಾಸ್ತುಶಿಲ್ಪಿ ಸಂಜಯ್ ಮೊಹೆ ಕಲ್ಲು, ನೀರು, ಗಾಳಿಯಾಡುವ ಅಂಗಳಗಳನ್ನಿಟ್ಟು ಆಸ್ಪತ್ರೆಯೆಂದು ಅನ್ನಿಸದ ಹಾಗೆ ಕಟ್ಟಿದರು. ಎಲ್ಲವೂ ಉಚಿತ, ದುಡ್ಡು ಕಟ್ಟುವ ಕೌಂಟರೇ ಇಲ್ಲ. ಆಗ ಅದು ಊರಾಚೆ. ಈಗ ಸುತ್ತಲೂ ಐಟಿ ಕಂಪನಿಗಳು, ಮನೆಭೇಟಿಯ ವ್ಯಾನು ಮಾರತ್ತಹಳ್ಳಿ ಸೇತುವೆ ದಾಟುವುದೇ ಒಂದು ಸಾಹಸ.

ಕರುಣಾಶ್ರಯದ ನಿತ್ಯದ ಕೆಲಸ ಕೇಳಿದರೆ ‘ಸಾಯುವವರ ಜಾಗ’ ಎಂಬ ಕಲ್ಪನೆ ಸಡಿಲವಾಗುತ್ತದೆ. ಹೊಗೆಸೊಪ್ಪು, ಗುಟ್ಕಾಗಳ ನಾಡಿನಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚು. ಕೆನ್ನೆ ತೂತಾಗುವ ಗಾಯ, ಅದರ ವಾಸನೆ. ವಾಸನೆಗೆ ಹೆದರಿ ಮೊಮ್ಮಕ್ಕಳನ್ನು ಹತ್ತಿರ ಬಿಡದ ಮನೆಗಳಿವೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಗಾಯಕ್ಕೆ ಹಾಕಿ, ದಿನವೂ ಬಟ್ಟೆ ಬದಲಿಸಿದರೆ ವಾಸನೆ ಬಹಳಷ್ಟು ಇಳಿಯುತ್ತದೆ. ಖರ್ಚು ಕೆಲವೇ ರೂಪಾಯಿ. ಮಾರ್ಫಿನ್ ಜೊತೆ ಮಲಬದ್ಧತೆಗೆ ಔಷಧ ಕೊಡಲೇಬೇಕು. ಇದನ್ನು ಮರೆತರೆ ರೋಗಿ ನೋವಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ. ನೋವು, ವಾಂತಿ ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ. ಇದಕ್ಕಿಂತ ಕಷ್ಟದ್ದು ಮಾತು. ‘ಅಪ್ಪನಿಗೆ ಹೇಳ್ಬೇಡಿ ಮೇಡಂ, ತಡ್ಕೊಳಲ್ಲ’ ಎನ್ನುತ್ತಾನೆ ಮಗ. ಒಳಗೆ ಅಪ್ಪ ‘ಮಗನಿಗೆ ಹೇಳ್ಬೇಡಿ’ ಎನ್ನುತ್ತಾನೆ. ಸುಳ್ಳನ್ನೂ ಹೇಳದೆ, ನಿಜವನ್ನು ಮುಖಕ್ಕೆ ಎಸೆಯದೆ ಇಬ್ಬರನ್ನೂ ಒಂದು ಮಾತಿಗೆ ತರುವುದು ಕೌನ್ಸೆಲರುಗಳ ವಿದ್ಯೆ.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತಿತರರು ಶುರುಮಾಡಿದ ಉಪಶಾಮಕ ಆರೈಕೆ, ಅಂದರೆ ರೋಗದ ನೋವು, ಸಂಕಟ ಇಳಿಸುವ ಆರೈಕೆ, ಊರವರ ಚಳವಳಿಯಾಯಿತು. 2008ರಲ್ಲಿ ಸರ್ಕಾರದ ನೀತಿಯೂ ಬಂತು. ಹೀಗಾಗಿ ಮಂಜೇಶ್ವರದ ಕನ್ನಡ ಮನೆಗೆ ಪಂಚಾಯಿತಿಯ ಉಪಶಾಮಕ ಆರೈಕೆಯ ನರ್ಸ್ ಬರುತ್ತಾರೆ, ಕೆ.ಆರ್. ಪುರದ ಮನೆ ಟ್ರಸ್ಟೊಂದರ ವ್ಯಾನಿಗೆ ಕಾಯುತ್ತದೆ. ವರ್ಷಕ್ಕೊಂದು ಮನೆ ಬದಲಿಸುವ ಬಾಡಿಗೆದಾರರ ನಗರದಲ್ಲಿ ನೆರೆಹೊರೆಯ ಚಳವಳಿ ಕಷ್ಟ, ಒಪ್ಪುತ್ತೇನೆ. ಆದರೆ ಆಶಾ ಕಾರ್ಯಕರ್ತೆಯರು ಪ್ರತಿ ವಾರ್ಡಿನ ಗಲ್ಲಿಗಲ್ಲಿಯನ್ನೂ ಬಲ್ಲರು. ಆ ಕೊಂಡಿಯನ್ನು ಇನ್ನೂ ಸರಿಯಾಗಿ ಬಳಸಿಲ್ಲ.

ದಯಾಮರಣದ ಚರ್ಚೆ ಇದರೊಳಗೆ ಬೆರೆತು ಗೊಂದಲವಾಗಿದೆ. ವರ್ಷಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ, ಹೊನ್ನಾವರ ಬಳಿಯ ಹಳದೀಪುರದ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವುದಕ್ಕೆ ಷರತ್ತಿನ ಬಾಗಿಲು ತೆರೆಯಿತು. 2018ರಲ್ಲಿ ಘನತೆಯ ಸಾವು ಹಕ್ಕೆಂದಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಹೊರಡಿಸಿದ್ದು 2025ರ ಜನವರಿಯಲ್ಲಿ. ಹಾಸ್ಪೈಸಿನ ಕೆಲಸ ಇದಕ್ಕಿಂತ ಬೇರೆ: ಅದು ಸಾವನ್ನು ಹತ್ತಿರಕ್ಕೂ ಎಳೆಯುವುದಿಲ್ಲ, ದೂರಕ್ಕೂ ತಳ್ಳುವುದಿಲ್ಲ.

ತಳ್ಳುವುದಿಲ್ಲ ಎಂದೆ, 2010ರ ಒಂದು ಅಧ್ಯಯನ ಅದನ್ನೂ ಅಲ್ಲಾಡಿಸಿತು. ಬಾಸ್ಟನ್ನಿನಲ್ಲಿ ಜೆನಿಫರ್ ಟೆಮೆಲ್ ತಂಡ 151 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ಗಮನಿಸಿತು. ರೋಗ ಪತ್ತೆಯಾದ ಹೊಸತರಲ್ಲೇ ಉಪಶಾಮಕ ಆರೈಕೆಯೂ ಸಿಕ್ಕವರ ನೆಮ್ಮದಿ ಹೆಚ್ಚಿತ್ತು. ಅವರು ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ಕೀಮೋ ಮುಗಿದ ಮೇಲೆ ಹಾಸ್ಪೈಸ್ ಎಂಬ ಸರತಿಯೇ ತಪ್ಪೆಂದು ಇದರರ್ಥ. ನಮ್ಮಲ್ಲಿ ಇನ್ನೂ ಅದೇ ಸರತಿ: ಎಲ್ಲ ಮುಗಿದು, ಚಿನ್ನ ಅಡವಿಟ್ಟು, ಕೊನೆಯ ವಾರ ಆಂಬುಲೆನ್ಸಿನಲ್ಲಿ ಬರುವವರು.

ಕ್ಯಾನ್ಸರಿನ ಸುತ್ತ ಬೆಳೆದ ಈ ವ್ಯವಸ್ಥೆ ಹೃದಯ, ಮೂತ್ರಪಿಂಡ ಸೋತವರನ್ನು, ಮರೆವಿನ ಕಾಯಿಲೆಯವರನ್ನು ಹೊರಗೇ ಬಿಟ್ಟಿದೆ. ಮಕ್ಕಳು ವಿದೇಶದಲ್ಲಿರುವ ಇಂದಿರಾನಗರದ ವೃದ್ಧರಿಗೆ ಬೇಕಿರುವುದು ಎರಡು ವಾರದ ಹಾಸಿಗೆಯಲ್ಲ, ಎರಡು–ಮೂರು ವರ್ಷದ ಒತ್ತಾಸೆ. ಸದ್ಯ ಆ ಜಾಗ ತುಂಬಿರುವವರು ಏಜೆನ್ಸಿಗಳು ಕಳಿಸುವ ‘ಹೋಮ್ ನರ್ಸ್’ಗಳು, ಅವರಲ್ಲಿ ನರ್ಸಿಂಗ್ ಓದಿದವರು ಕಡಿಮೆ, ಬೆನ್ನುಹುಣ್ಣು ಆಗದಂತೆ ಮಗ್ಗುಲು ಬದಲಿಸುವುದನ್ನು ಕೂಡ ಕೆಲಸ ಮಾಡುತ್ತಲೇ ಕಲಿತವರು.