52 ವಾರಗಳ ಲೆಕ್ಕ

ಟೆನಿಸ್ ಚೆಂಡು ಬೆಳಂಬಾರದ ಹುಡುಗರಿಗೆ ಹೊಸದೇನಲ್ಲ. ಅಂಕೋಲಾ, ಕಾರವಾರದ ಕಡೆ ‘ಟೆನಿಸ್ ಬಾಲ್ ಟೂರ್ನಮೆಂಟ್’ ಎಂದರೆ ಯಾರೂ ನೆಟ್ಟು ಹುಡುಕುವುದಿಲ್ಲ, ವಿಕೆಟ್ಟು ಹುಡುಕುತ್ತಾರೆ. ಕೊಯ್ಲು ಮುಗಿದ ಗದ್ದೆ ಕ್ರಿಕೆಟ್ಟಿಗೆ ಧಾರಾಳ ಸಾಕು. ಟೆನಿಸ್ಸಿಗೆ ಅಳತೆಯ ಅಂಕಣ, ಬಿಗಿದ ರ‍್ಯಾಕೆಟ್, ದುಡ್ಡು ಪಡೆದು ಕಲಿಸುವ ಕೋಚ್ ಎಲ್ಲವೂ ಬೇಕು. 2023ರಲ್ಲಿ ಧಾರವಾಡದಲ್ಲಿ 25 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಪುರುಷರ ಟೂರ್ನಿ ನಡೆಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಕಾಗದದಲ್ಲೇ ಓಡುತ್ತಿದ್ದರೂ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿ ಹೋಗಿದ್ದರೆ ಈ ಭಾಗದವರಿಗೂ ಒಂದು ಸಂಗತಿ ಕಣ್ಣಾರೆ ಕಾಣುತ್ತಿತ್ತು: ವಿಂಬಲ್ಡನ್ನಿನ ಹುಲ್ಲಿಗೆ ಹೋಗುವ ದಾರಿ ಇಂಥ, ನೋಡುವವರೇ ಇಲ್ಲದ ಅಂಕಣಗಳಿಂದ ಹೊರಡುತ್ತದೆ. ಬಿದ್ದವರು ಮತ್ತೆ ಏಳಲು ಬರುವುದೂ ಇಲ್ಲಿಗೇ.

ಈ ಏಳುಬೀಳು ಅರ್ಥವಾಗಬೇಕಾದರೆ ಮೊದಲು ರ‍್ಯಾಂಕಿಂಗ್ ಅರ್ಥವಾಗಬೇಕು. 1973ರ ಆಗಸ್ಟ್ 23ರಂದು ವೃತ್ತಿಪರ ಪುರುಷ ಆಟಗಾರರ ಸಂಘವಾದ ಎಟಿಪಿ ತನ್ನ ಮೊದಲ ಕಂಪ್ಯೂಟರ್ ಪಟ್ಟಿ ಹೊರಡಿಸಿತು. ರೊಮೇನಿಯಾದ ಇಲಿ ನಸ್ಟಾಸೆ ಅದರ ತುದಿಯಲ್ಲಿದ್ದರು. ಅಲ್ಲಿಯವರೆಗೆ ಯಾರನ್ನು ಆಡಿಸಬೇಕು ಎಂಬುದು ಬಹುಮಟ್ಟಿಗೆ ಸಂಘಟಕರ ಮರ್ಜಿ. ಪಟ್ಟಿ ಬಂದ ಮೇಲೆ ಮರ್ಜಿ ಹೋಯಿತು, ಲೆಕ್ಕ ಬಂತು. ಇಂದು ಗ್ರ್ಯಾಂಡ್ ಸ್ಲಾಮ್ ಗೆದ್ದವರಿಗೆ 2000 ಅಂಕ, ಕೆಳಗಿನ ಮೆಟ್ಟಿಲಿನ 15 ಸಾವಿರ ಡಾಲರ್ ಟೂರ್ನಿ ಗೆದ್ದವರಿಗೆ 15 ಅಂಕ. ಎರಡರ ಆಯುಸ್ಸೂ 52 ವಾರ. ಗೆದ್ದ ವಾರ ಮರುವರ್ಷ ಬಂದಾಗ ಅಷ್ಟೇ ಗೆಲ್ಲದಿದ್ದರೆ ಇದ್ದದ್ದೂ ಹೋಯಿತು. ಕ್ರಿಕೆಟ್ಟಿಗನ ಶತಕ ಅವನ ಸರಾಸರಿಯಲ್ಲಿ ಕೊನೆತನಕ ಇರುತ್ತದೆ. ಟೆನಿಸ್ ಆಟಗಾರನ ಕಪ್ಪು ಕಪಾಟಿನಲ್ಲಿದ್ದರೂ ಅದರ ಅಂಕ ವರ್ಷ ತುಂಬಿದಾಗ ಅಳಿಸಿಹೋಗುತ್ತದೆ. ಹಾಗಾಗಿ ಕೆಳಗೆ ಬೀಳಲು ಕೆಟ್ಟದಾಗಿ ಆಡಲೇಬೇಕೆಂದಿಲ್ಲ. ಮೊಣಕಾಲು ನೋವಿಗೆ ಮನೆಯಲ್ಲಿ ಕೂತರೂ ಸಾಕು.

ಪಟ್ಟಿಯ ಮೊದಲ ದಶಕಗಳಲ್ಲಿ ಭಾರತದ ಸಿಂಗಲ್ಸ್ ಎಂದರೆ ಮದ್ರಾಸ್. ವಿಜಯ್ ಅಮೃತರಾಜ್ 1980ರಲ್ಲಿ 18ನೇ ಸ್ಥಾನಕ್ಕೇರಿದರು, ರಮೇಶ್ ಕೃಷ್ಣನ್ 1985ರಲ್ಲಿ 23ಕ್ಕೆ. ಅಷ್ಟು ಎತ್ತರಕ್ಕೆ ಅವರ ನಂತರ ಭಾರತದ ಯಾವ ಪುರುಷ ಆಟಗಾರರೂ ಹೋಗಿಲ್ಲ. ಕರ್ನಾಟಕದ ಪಾಲಿಗೆ ಆ ಹೊತ್ತಿನಲ್ಲಿ ಹೇಳಿಕೊಳ್ಳುವ ಹೆಸರುಗಳು ಕಡಿಮೆ. ತೊಂಬತ್ತರ ದಶಕದಲ್ಲಿ ಮೈಸೂರಿನ ಪ್ರಹ್ಲಾದ್ ಶ್ರೀನಾಥ್ ಡೇವಿಸ್ ಕಪ್ ತಂಡಕ್ಕೆ ಬಂದರು. ಅದೇ ಹೊತ್ತಿಗೆ ಆಟದ ದಿಕ್ಕೇ ಬೇರೆಯಾಯಿತು.

ದಿಕ್ಕು ಬದಲಿಸಿದ್ದು ಡಬಲ್ಸ್. ಮದ್ರಾಸಿನಲ್ಲಿ ಹುಟ್ಟಿ ಮಸ್ಕತ್ತಿನಲ್ಲಿ ಬೆಳೆದು ಬೆಂಗಳೂರನ್ನು ಊರು ಮಾಡಿಕೊಂಡ ಮಹೇಶ್ ಭೂಪತಿ 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅವರೇ. 1999ರಲ್ಲಿ ಲಿಯಾಂಡರ್ ಪೇಸ್ ಜೊತೆ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಫೈನಲ್ ತಲುಪಿ ಎರಡನ್ನು ಗೆದ್ದರು. ಆ ವರ್ಷವೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದರು. ಆಮೇಲೆ ಪೇಸ್ ಜೊತೆ ಮಾತು ಬಿಟ್ಟದ್ದು, ಮತ್ತೆ ಕೂಡಿದ್ದು, ಮತ್ತೆ ಮುರಿದದ್ದು ಕ್ರೀಡಾಪುಟಗಳಿಗೆ ವರ್ಷಗಟ್ಟಲೆ ಮೇವಾಯಿತು. ಆ ಜಗಳದ ಗದ್ದಲದಲ್ಲಿ ಮುಖ್ಯವಾದದ್ದು ಮರೆಯಾಯಿತು. ಸಿಂಗಲ್ಸ್‌ನಲ್ಲಿ ಮೊದಲ ನೂರರ ಬಾಗಿಲು ತಟ್ಟುತ್ತಲೇ ಇದ್ದ ಭಾರತೀಯ ಆಟಗಾರರು ಡಬಲ್ಸ್‌ನಲ್ಲಿ ಹೊಟ್ಟೆ ಹೊರೆಯಬಹುದು, ಹೆಸರೂ ಮಾಡಬಹುದು ಎಂದು ತೋರಿಸಿಕೊಟ್ಟವರು ಈ ಇಬ್ಬರು.

ಆ ದಾರಿಯ ಏಳುಬೀಳುಗಳನ್ನೆಲ್ಲ ಒಬ್ಬರ ಬದುಕಿನಲ್ಲೇ ನೋಡಬೇಕೆಂದರೆ ರೋಹನ್ ಬೋಪಣ್ಣ ಸಿಗುತ್ತಾರೆ.

1980ರ ಮಾರ್ಚ್ 4ರಂದು ಹುಟ್ಟಿದ ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮನೆಯವರು. ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿನಲ್ಲಿ. ಈ ಆಟದ ಮಟ್ಟಿಗೆ ಅದು ತಡವೇ. ಪುಣೆಯಲ್ಲಿ ನಂದನ್ ಬಾಳ್ ಅವರ ಬಳಿ ಕಲಿತು 2003ರಲ್ಲಿ ವೃತ್ತಿಗಿಳಿದರು. ಎತ್ತರದ ಆಳು, ಭಾರಿ ಸರ್ವ್. ಆದರೆ ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ಸ್ಥಾನ 2007ರ 213. ಗ್ರ್ಯಾಂಡ್ ಸ್ಲಾಮ್‌ನ ಮುಖ್ಯ ಸುತ್ತಿಗೆ ನೇರ ಪ್ರವೇಶ ಬೇಕಾದರೆ ಸುಮಾರು ನೂರರ ಒಳಗಿರಬೇಕು. ಇನ್ನೂರರ ಆಚೆ ಇರುವವರು ವಿಮಾನ ಟಿಕೆಟ್ಟು, ಹೋಟೆಲು, ಕೋಚ್ ಸಂಬಳ ಎಲ್ಲವನ್ನೂ ತಮ್ಮ ಕಿಸೆಯಿಂದ ತೆರಬೇಕು, ಸೋತ ವಾರವೂ ತೆರಬೇಕು. ಅಂಥವರು ಎರಡು ಮೂರು ವರ್ಷದಲ್ಲಿ ಆಟ ಬಿಡುತ್ತಾರೆ, ಇಲ್ಲ ಡಬಲ್ಸ್‌ಗೆ ಹೊರಳುತ್ತಾರೆ. ಬೋಪಣ್ಣ ಹೊರಳಿದರು. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಿಕ್ ಬುಟೊರಾಕ್ ಜೊತೆ ಮೊದಲ ಎಟಿಪಿ ಪ್ರಶಸ್ತಿ ಬಂತು.

ಮೊದಲ ದೊಡ್ಡ ಏರು 2010. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅವರು ಯುಎಸ್ ಓಪನ್ ಫೈನಲ್ ತಲುಪಿದರು. ಎರಡೂ ದೇಶಗಳ ವಿಶ್ವಸಂಸ್ಥೆ ರಾಯಭಾರಿಗಳು ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತು ನೋಡಿದ ಪಂದ್ಯವದು. ಅಮೆರಿಕದ ಬ್ರಯಾನ್ ಸಹೋದರರು ಎರಡು ಟೈಬ್ರೇಕರ್‌ಗಳಲ್ಲಿ ಗೆದ್ದುಬಿಟ್ಟರು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್‌ನಲ್ಲಿ 0–2ರ ಹಿನ್ನಡೆಯಲ್ಲಿದ್ದ ಭಾರತ 2–2ಕ್ಕೆ ಬಂದು ನಿಂತಾಗ, ನಿರ್ಣಾಯಕ ಐದನೇ ಪಂದ್ಯವನ್ನು ಸಿಂಗಲ್ಸ್‌ನಲ್ಲಿ ಗೆದ್ದುಕೊಟ್ಟವರು ಇದೇ 213ರ ಆಟಗಾರ.

2012 ಹತ್ತಿ ಇಳಿಯುವುದರಲ್ಲೇ ಕಳೆಯಿತು. ಲಂಡನ್ ಒಲಿಂಪಿಕ್ಸ್‌ಗೆ ಯಾರ ಜೊತೆ ಯಾರು ಎಂಬ ಜಗಳದಲ್ಲಿ ಭೂಪತಿ, ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲು ಒಪ್ಪಲಿಲ್ಲ. ಕೊನೆಗೆ ಎರಡು ಜೋಡಿಗಳು ಹೋದವು, ಎರಡೂ ಎರಡನೇ ಸುತ್ತಿನಲ್ಲಿ ಸೋತು ಬಂದವು. ಅಖಿಲ ಭಾರತ ಟೆನಿಸ್ ಸಂಸ್ಥೆ ಭೂಪತಿ, ಬೋಪಣ್ಣ ಇಬ್ಬರಿಗೂ ಎರಡು ವರ್ಷ ನಿಷೇಧ ಹೇರಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಇದೇ ಜೋಡಿ ಪ್ಯಾರಿಸ್ ಮಾಸ್ಟರ್ಸ್ ಗೆದ್ದಿತು. ಮರುವರ್ಷ ಬೋಪಣ್ಣ ವಿಶ್ವದ 3ನೇ ಸ್ಥಾನಕ್ಕೇರಿದರು. ಪೇಸ್ ಜೊತೆ ಆಡುವುದಿಲ್ಲ ಎಂದವರು 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಕಣದಲ್ಲಿ ಪೇಸ್ ಪಕ್ಕದಲ್ಲೇ ನಿಂತು, ಸರ್ಬಿಯಾ ವಿರುದ್ಧ ಮೊದಲ ಎರಡು ಸೆಟ್ ಕಳೆದುಕೊಂಡ ಮೇಲೂ ಐದು ಸೆಟ್‌ಗಳಲ್ಲಿ ಗೆದ್ದರು. ಭಾರತ ಆ ಹಣಾಹಣಿಯನ್ನು 2–3ರಿಂದ ಸೋತಿತಾದರೂ ಬೆಂಗಳೂರಿನ ಟೆನಿಸ್ ಪ್ರಿಯರು ಆ ಶನಿವಾರದ ಡಬಲ್ಸ್ ಅನ್ನು ಮರೆತಿಲ್ಲ.

ಡಬಲ್ಸ್ ಆಟಗಾರನ ಭಾಗ್ಯ ಅರ್ಧ ಜೊತೆಗಾರನ ಕೈಯಲ್ಲಿ. ರ‍್ಯಾಂಕಿಂಗ್ ಒಬ್ಬೊಬ್ಬರದು ಬೇರೆ, ಗೆಲುವು ಇಬ್ಬರದು. ಜೊತೆಗಾರ ಗಾಯಗೊಂಡರೆ, ಬೇರೊಬ್ಬರು ಕರೆದರೆಂದು ಹೊರಟುಹೋದರೆ, ಹೊಸಬರ ಜೊತೆ ಮತ್ತೆ ಮೊದಲಿಂದ. ಖುರೇಷಿ, ಭೂಪತಿ, ರೊಮೇನಿಯಾದ ಫ್ಲೋರಿನ್ ಮೆರ್ಗಿಯಾ, ಉರುಗ್ವೆಯ ಪಾಬ್ಲೊ ಕ್ಯೂವಾಸ್, ಫ್ರಾನ್ಸಿನ ಎದುವಾರ್ ರೋಜರ್ ವಾಸೆಲಿನ್, ಕೆನಡಾದ ಡೆನಿಸ್ ಶಪವಲೋವ್: ಬೋಪಣ್ಣನವರ ವೃತ್ತಿಜೀವನವನ್ನು ವರ್ಷಗಳಿಂದ ಎಣಿಸುವುದಕ್ಕಿಂತ ಜೊತೆಗಾರರಿಂದ ಎಣಿಸುವುದೇ ಸರಿ. 2015ರಲ್ಲಿ ಮೆರ್ಗಿಯಾ ಜೊತೆ ವರ್ಷಾಂತ್ಯದ ಎಟಿಪಿ ಫೈನಲ್ಸ್‌ನ ಅಂತಿಮ ಪಂದ್ಯ ತಲುಪಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯದಲ್ಲಿ ಸೋತರು. 2017ರಲ್ಲಿ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, 2018ರಲ್ಲಿ ದಿವಿಜ್ ಶರಣ್ ಜೊತೆ ಏಷ್ಯನ್ ಗೇಮ್ಸ್ ಚಿನ್ನ.

ಆಮೇಲೆ ಇಳಿಜಾರು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದದ್ದರಿಂದಲೇ ನೋವಿನ ಮಾತ್ರೆ ತಪ್ಪಿತೆಂದು ಅವರು ಹಲವು ಸಲ ಹೇಳಿದ್ದಾರೆ. 2021ರ ಮೊದಲಾರ್ಧದಲ್ಲಿ ಸೋಲಿನ ಮೇಲೆ ಸೋಲು; ಆಟ ಬಿಟ್ಟು ಮನೆಗೆ ಹೋಗಲೇ ಎಂಬ ಯೋಚನೆಯೂ ಬಂತು. 41 ವರ್ಷದವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಮುಂದಿನದರಲ್ಲಿದೆ. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆಗೂಡಿದರು. ಆ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ಮಾಸ್ಟರ್ಸ್ 1000 ಪ್ರಶಸ್ತಿ ಪಡೆದ ಅತಿ ಹಿರಿಯ ಆಟಗಾರರಾದರು. ಸೆಪ್ಟೆಂಬರ್‌ನಲ್ಲಿ, 13 ವರ್ಷದ ನಂತರ ಮತ್ತೆ ಯುಎಸ್ ಓಪನ್ ಫೈನಲ್. ಆ ಪಂದ್ಯದಲ್ಲಿ ಚೆಂಡು ತಮ್ಮ ತೋಳಿಗೆ ಸೋಕಿತೆಂದು ತಾವೇ ಅಂಪೈರ್‌ಗೆ ಹೇಳಿ ಅಂಕ ಬಿಟ್ಟುಕೊಟ್ಟರು, ಫೈನಲ್ಲೂ ಕೈತಪ್ಪಿತು. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಇಟಲಿಯ ಬೊಲೆಲ್ಲಿ–ವವಸ್ಸೋರಿ ಜೋಡಿಯನ್ನು 7–6, 7–5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಎರಡು ದಿನದ ಬಳಿಕ ಬಂದ ಪಟ್ಟಿಯಲ್ಲಿ ವಿಶ್ವದ ನಂಬರ್ 1. ಮೊದಲ ಬಾರಿಗೆ ಆ ಸ್ಥಾನಕ್ಕೇರಿದವರಲ್ಲಿ ಅತಿ ಹಿರಿಯರೆಂಬ ದಾಖಲೆ ಅದುವರೆಗೆ 38ರ ರಾಜೀವ್ ರಾಮ್ ಅವರದಾಗಿತ್ತು.

52 ವಾರದ ಲೆಕ್ಕ ನಂಬರ್ 1 ಎಂದು ದಾಕ್ಷಿಣ್ಯ ತೋರುವುದಿಲ್ಲ. ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ, ಹಳೆಯ ಜೊತೆಗಾರ ರೋಜರ್ ವಾಸೆಲಿನ್ ಇದ್ದ ಜೋಡಿಗೆ ಸೋತು ದೇಶದ ತಂಡಕ್ಕೆ ವಿದಾಯ ಹೇಳಿದರು. ಎಬ್ಡನ್ ಅಲ್ಲೇ ಜಾನ್ ಪಿಯರ್ಸ್ ಜೊತೆ ಚಿನ್ನ ಗೆದ್ದರು. ವರ್ಷದ ಕೊನೆಗೆ ಜೋಡಿ ಬೇರೆಯಾಯಿತು. 2025ರ ಜನವರಿಯಲ್ಲಿ ಮೆಲ್ಬರ್ನ್‌ನ ಮೊದಲ ಸುತ್ತಿನ ಸೋಲಿನೊಂದಿಗೆ ಹಿಂದಿನ ವರ್ಷದ 2000 ಅಂಕವೂ ಹೋಯಿತು. ಆದರೂ ಸೆಪ್ಟೆಂಬರ್‌ನಲ್ಲಿ ಜಪಾನಿನ ಟಕೇರು ಯುಜುಕಿ ಜೊತೆ ಟೋಕಿಯೊ ಫೈನಲ್‌ವರೆಗೆ ಹೋದರು. ಅಲ್ಲೂ ಎದುರು ನಿಂತು ಗೆದ್ದವರಲ್ಲಿ ರೋಜರ್ ವಾಸೆಲಿನ್ ಒಬ್ಬರು. ಪ್ಯಾರಿಸ್ ಮಾಸ್ಟರ್ಸ್ ಆಡಿ, 2025ರ ನವೆಂಬರ್ 1ರಂದು 45ರ ಬೋಪಣ್ಣ ನಿವೃತ್ತಿ ಪ್ರಕಟಿಸಿದರು.

ಸಿಂಗಲ್ಸ್‌ನ ಕತೆ ಇದಕ್ಕಿಂತ ಒರಟು. ಹರಿಯಾಣದ ಜಜ್ಜರ್‌ನಲ್ಲಿ ಹುಟ್ಟಿದ ಸುಮಿತ್ ನಗಾಲ್ ಹತ್ತರ ಪ್ರಾಯದಲ್ಲಿ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದ ಹುಡುಗ. 2018ರೊಳಗೆ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಚಾಂಪಿಯನ್ ತಯಾರಿಸುವುದು ಆ ಯೋಜನೆಯ ಗುರಿ. ಚಾಂಪಿಯನ್ ಬರಲಿಲ್ಲ, ನಗಾಲ್ ಉಳಿದರು. 2017ರ ನವೆಂಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲೇ ಬೆಂಗಳೂರು ಓಪನ್ ಚಾಲೆಂಜರ್ ಗೆದ್ದರು. 2019ರ ಯುಎಸ್ ಓಪನ್‌ನಲ್ಲಿ ರೋಜರ್ ಫೆಡರರ್‌ರಿಂದ ಮೊದಲ ಸೆಟ್ ಕಸಿದರು. 2021ರ ಕೊನೆಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಪಟ್ಟಿಯಲ್ಲಿ 500ರ ಆಚೆ ಜಾರಿದರು. 2023ರ ಸೆಪ್ಟೆಂಬರ್‌ನಲ್ಲಿ, ದೇಶದ ನಂಬರ್ 1 ಸಿಂಗಲ್ಸ್ ಆಟಗಾರನಾಗಿದ್ದಾಗಲೇ, ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಉಳಿದಿದೆ ಎಂದು ಸುದ್ದಿಸಂಸ್ಥೆಗೆ ಹೇಳಿಕೊಂಡರು. ನಾಲ್ಕು ತಿಂಗಳ ಮೇಲೆ ಅರ್ಹತಾ ಸುತ್ತಿನಿಂದ ಆಸ್ಟ್ರೇಲಿಯನ್ ಓಪನ್‌ಗೆ ನುಗ್ಗಿ ಶ್ರೇಯಾಂಕಿತ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತದ ಪುರುಷನೊಬ್ಬ ಶ್ರೇಯಾಂಕಿತನನ್ನು ಸೋಲಿಸಿ 35 ವರ್ಷವಾಗಿತ್ತು. ಆ ಒಂದು ವಾರದ ಸಂಪಾದನೆ 1,80,000 ಆಸ್ಟ್ರೇಲಿಯನ್ ಡಾಲರ್, ಹತ್ತಿರಹತ್ತಿರ ಒಂದು ಕೋಟಿ ರೂಪಾಯಿ. ಜುಲೈಗೆ 68ನೇ ಸ್ಥಾನ; ಮರುವರ್ಷ ಮತ್ತೆ ನೂರರ ಹೊರಗೆ.

ಚೆನ್ನೈಯ ಪ್ರಜ್ಞೇಶ್ ಗುಣೇಶ್ವರನ್ ಕೂಡ ಮೊಣಕಾಲಿನ ಗಾಯದಿಂದ ವರ್ಷಗಳನ್ನು ಕಳೆದುಕೊಂಡು, 2018ರಲ್ಲಿ ಇದೇ ಬೆಂಗಳೂರು ಓಪನ್ ಗೆದ್ದು, ಐದು ತಿಂಗಳಲ್ಲಿ 75ನೇ ಸ್ಥಾನ ತಲುಪಿದವರು. ಮನೆಯ ಹತ್ತಿರ ಒಂದು ಚಾಲೆಂಜರ್ ಇದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಈ ಎರಡು ಹೆಸರು ಸಾಕು. ಎಟಿಪಿ 2024ರಿಂದ ಮೊದಲ 250 ಸಿಂಗಲ್ಸ್ ಆಟಗಾರರಿಗೆ ಕನಿಷ್ಠ ವರಮಾನದ ಭರವಸೆ ಕೊಟ್ಟಿದೆ: 2024ರಲ್ಲಿ ಅದು ನೂರರ ಒಳಗಿನವರಿಗೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ ಇತ್ತು. ಒಳ್ಳೆಯದೇ. ಆದರೆ ಧಾರವಾಡ, ಕಲಬುರಗಿಯ ಅಂಕಣಗಳಲ್ಲಿ ಬೆವರು ಸುರಿಸುವ ಬಹುಪಾಲು ಹುಡುಗರು 250ರ ಹತ್ತಿರಕ್ಕೂ ಬಂದಿರುವುದಿಲ್ಲ.

ಹೆಣ್ಣುಮಕ್ಕಳ ಟೆನಿಸ್ಸಿಗೆ ಬೆಂಗಳೂರಿನಲ್ಲಿ ಬಂದ ಒಳ್ಳೆಯ ಕಾಲ ಬೇಗ ಮುಗಿದುಹೋಯಿತು. 2006ರಿಂದ 2008ರವರೆಗೆ ಮೂರು ವರ್ಷ ಡಬ್ಲ್ಯುಟಿಎ ಟೂರ್ನಿ ನಡೆಯಿತು. 2008ರ ಸೆಮಿಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅಕ್ಕ ವೀನಸ್ ಎದುರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದು, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್‌ರನ್ನು ಸೋಲಿಸಿದರು. ಅಂಥ ಪಂದ್ಯ ನೋಡಿದ ಊರು ಮರುವರ್ಷ ಟೂರ್ನಿಯನ್ನೇ ಕಳೆದುಕೊಂಡಿತು.

ಗಂಡಸರ ಆಟಕ್ಕೆ ಮರಳಿದರೆ, ಈಗ ಸಿಂಗಲ್ಸ್‌ನಿಂದ ಡಬಲ್ಸ್‌ಗೆ ಹೊರಳುವುದು ಭಾರತದಲ್ಲಿ ರೂಢಿಯೇ ಆಗಿದೆ. 2018ರಲ್ಲಿ ಸಿಂಗಲ್ಸ್‌ನ 83ನೇ ಸ್ಥಾನದಲ್ಲಿದ್ದ ಯೂಕಿ ಭಾಂಬ್ರಿ ಮೊಣಕಾಲು ಕೆಡಿಸಿಕೊಂಡು ಡಬಲ್ಸ್‌ಗೆ ಬಂದರು, 2025ರಲ್ಲಿ ಯುಎಸ್ ಓಪನ್ ಸೆಮಿಫೈನಲ್ ಆಡಿದರು. ನಿಕಿ ಕಾಳಿಯಂಡ ಪೂಣಚ್ಚ ಡೇವಿಸ್ ಕಪ್‌ಗೆ ಕಾಲಿಟ್ಟದ್ದು 2024ರ ಫೆಬ್ರುವರಿಯಲ್ಲಿ, ಅದೂ ಇಸ್ಲಾಮಾಬಾದಿನಲ್ಲಿ; ಭಾರತ ತಂಡ ಅರವತ್ತು ವರ್ಷಗಳ ಮೇಲೆ ಪಾಕಿಸ್ತಾನಕ್ಕೆ ಹೋಗಿದ್ದ ಸಲ. ಅಲ್ಲಿ ಅವರು ಆಡಿದ್ದೂ ಗೆದ್ದದ್ದೂ ಸಿಂಗಲ್ಸ್. ಹೊಟ್ಟೆಪಾಡಿಗೆ ಅವರೂ ಈಗ ಹೆಚ್ಚಾಗಿ ಆಡುವುದು ಡಬಲ್ಸನ್ನೇ.