ಬಾರಕೂರಿನ ಮೂರು ರಾತ್ರಿಗಳು: ಇಬ್ನ್ ಬತೂತಾ ಮತ್ತು ತಡವಾದ ಪಯಣದ ಪಾಠ

ಕುಂದಾಪುರದಿಂದ ಉಡುಪಿಗೆ ಹೋಗುವಾಗ ಸಾಸ್ತಾನದ ಟೋಲ್ ಗೇಟಿನಲ್ಲಿ ವಾಹನಗಳು ಸಾಲುಗಟ್ಟಿದರೆ ನಮ್ಮಲ್ಲಿ ಹಲವರು ತಾಳ್ಮೆಗೆಡುತ್ತೇವೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಬಾರಕೂರಿನಲ್ಲಿ ಸುಮಾರು 680 ವರ್ಷಗಳ ಹಿಂದೆಯೂ ಪಯಣಿಗರನ್ನು ತಡೆದು ಸುಂಕ ಪಡೆಯುವ ಪದ್ಧತಿಯಿತ್ತು. ಅಂದಿನ ಹೆದ್ದಾರಿ ಕಡಲಾಗಿತ್ತು. ಹಾಗೆ ಲಂಗರು ಹಾಕಿದ ಹಡಗುಗಳೊಂದಿಗೆ ಬಂದವರಲ್ಲಿ ಮೊರಾಕ್ಕೊದ ವಿದ್ವಾಂಸ ಇಬ್ನ್ ಬತೂತಾ ಒಬ್ಬರು.

ಹಿಜರಿ 725ರ ರಜಬ್ ತಿಂಗಳಲ್ಲಿ, ಅಂದರೆ 1325ರಲ್ಲಿ, 21ರ ಹರೆಯದ ಇಬ್ನ್ ಬತೂತಾ ಟ್ಯಾಂಜಿಯರಿನಿಂದ ಒಂಟಿಯಾಗಿ ಹಜ್ಜ್ ಯಾತ್ರೆಗೆ ಹೊರಟರು. ಆರಂಭದಲ್ಲಿಯೇ ಅವರ ದಾರಿ ಕಟ್ಟಿಹೋಯಿತು. ಕೆಂಪು ಸಮುದ್ರವನ್ನು ದಾಟಲೆಂದು ಐದಾಬ್ ಬಂದರಿಗೆ ತಲುಪಿದಾಗ ಅಲ್ಲಿ ಕಾಳಗ ನಡೆದಿತ್ತು, ಹಡಗುಗಳಿರಲಿಲ್ಲ. ಬಂದ ದಾರಿಯಲ್ಲೇ ಕೈರೋಗೆ ಮರಳಿ, ಸಿರಿಯಾದ ಮಾರ್ಗ ಹಿಡಿಯಬೇಕಾಯಿತು. ಆದರೆ ಆ ಸುತ್ತುದಾರಿಯೇ ಅವರನ್ನು ಡಮಾಸ್ಕಸ್ಸಿಗೆ ಒಯ್ದಿತು. ಅಲ್ಲಿನ ಉಮಯ್ಯದ್ ಮಸೀದಿಯಲ್ಲಿ ಅವರು 14 ಬೈಠಕ್‌ಗಳಲ್ಲಿ ಸಹೀಹುಲ್ ಬುಖಾರಿಯನ್ನು ಪೂರ್ಣವಾಗಿ ಆಲಿಸಿದರು. ನೇರದಾರಿ ತೆರೆದಿದ್ದರೆ ಆ ವಿದ್ಯೆ ಅಂದು ಅವರಿಗೆ ದೊರೆಯುತ್ತಿರಲಿಲ್ಲ.

ಮುಂದೆ ಅವರು ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕನ ಖಾಝಿಯಾಗಿ ವರ್ಷಗಳ ಕಾಲ ನೆಲೆಸಿದರು. ಆ ಬಳಿಕ ಚೀನಾಕ್ಕೆ ರಾಯಭಾರಿಯಾಗಿ ನೇಮಕಗೊಂಡು, 1342ರ ಸುಮಾರಿಗೆ ಗುಜರಾತಿನಿಂದ ನಮ್ಮ ಕರಾವಳಿಯಗುಂಟ ದಕ್ಷಿಣಕ್ಕೆ ಪಯಣಿಸಿದರು. ಅವರು 'ಫಾಕನೂರ್' ಎಂದು ಕರೆದ ಊರೇ ಸೀತಾ ನದಿಯ ಬಳಿಯ ಬಾರಕೂರು. ಕಬ್ಬು ಸಮೃದ್ಧವಾಗಿ ಬೆಳೆಯುವ ದೊಡ್ಡ ಪಟ್ಟಣವೆಂದು ಅವರು ಇದನ್ನು ಬಣ್ಣಿಸಿದ್ದಾರೆ. ಅಲ್ಲಿನ ಅರಸನ ಹೆಸರನ್ನು 'ಬಾಸದೇವ' ಎಂದು ದಾಖಲಿಸಿದ್ದಾರೆ. ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು. ಬಂದರನ್ನು ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ನಿಂತು 'ಬಂದರಿನ ಹಕ್ಕು' ಎಂಬ ಕಾಣಿಕೆ ಸಲ್ಲಿಸಬೇಕಿತ್ತು. ನಿಲ್ಲದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿದು ತಂದು, ಇಮ್ಮಡಿ ಸುಂಕ ವಿಧಿಸಿ, ತಮಗೆ ಬೇಕಾದಷ್ಟು ದಿನ ತಡೆದಿಡುತ್ತಿದ್ದರು.

ಇಂತಹ ಕಡ್ಡಾಯದ ನಿಲುಗಡೆಯ ಊರಿನಲ್ಲಿ ಇಬ್ನ್ ಬತೂತಾ ಕಂಡದ್ದೇನು? ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿ, ಬಂದವರನ್ನು ದಡಕ್ಕೆ ಕರೆಸಿಕೊಂಡು, ಮೂರು ರಾತ್ರಿ ಸತ್ಕರಿಸಿದನು. ದೆಹಲಿಯ ಸುಲ್ತಾನನ ಮೇಲಿನ ಗೌರವವೂ ಹಡಗಿನವರೊಂದಿಗೆ ವ್ಯಾಪಾರ ಮಾಡುವ ಅಪೇಕ್ಷೆಯೂ ಅದಕ್ಕೆ ಕಾರಣವಾಗಿದ್ದವು. ಅತಿಥಿ ಸತ್ಕಾರದ ಅವಧಿ ಮೂರು ದಿನಗಳೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮುಸ್ಲಿಮೇತರ ಅರಸನೊಬ್ಬನು ಅಷ್ಟೇ ದಿನಗಳ ಆತಿಥ್ಯ ನೀಡಿದ್ದನ್ನು ನಾವು ಸಂತೋಷದಿಂದ ಸ್ಮರಿಸಬೇಕು.

ಆ ಊರಿನಲ್ಲಿ ಮುಸ್ಲಿಮರ ಸಮುದಾಯವಿತ್ತು, ಖಾಝಿಯಿದ್ದರು, ಖತೀಬರಿದ್ದರು. ಸಮುದಾಯದ ಮುಖಂಡರಾದ ಹುಸೈನ್ ಎಂಬವರು ಜುಮುಅ ನಮಾಝಿಗಾಗಿ ಮಸೀದಿ ಕಟ್ಟಿಸಿದ್ದರು. ನಮ್ಮ ಪರಿಸರದ ಪೂರ್ವಿಕರ ಬಗ್ಗೆ ಕಣ್ಣಾರೆ ಕಂಡವರ ಈ ಸಾಕ್ಷ್ಯ ಉಳಿದಿರುವುದು ಏಕೆ? ಹಡಗು ನಿಂತಿತು ಎಂಬ ಕಾರಣಕ್ಕೆ. ಗಾಳಿ ಅನುಕೂಲವಾಗಿದೆಯೆಂದು ಅವರು ನೇರವಾಗಿ ಮಂಗಳೂರಿಗೆ ಸಾಗಿದ್ದರೆ, ಬಾರಕೂರು ಅವರ ಗ್ರಂಥದಲ್ಲಿ ದೂರದಿಂದ ಕಂಡ ಒಂದು ದಡವಾಗಿ ಮಾತ್ರ ಉಳಿಯುತ್ತಿತ್ತು.

ದೊಡ್ಡ ಪರೀಕ್ಷೆ ಕಲ್ಲಿಕೋಟೆಯಲ್ಲಿ ಎದುರಾಯಿತು. ಚೀನಾ ಪಯಣದ ಋತುವಿಗಾಗಿ ಮೂರು ತಿಂಗಳು ಕಾದ ಬಳಿಕ ಹಡಗು ಹೊರಡುವ ವೇಳೆ ಬಂತು. ಜುಮುಅ ನಮಾಝಿಗೆಂದು ಇಬ್ನ್ ಬತೂತಾ ದಡದಲ್ಲಿ ಉಳಿದರು. ಅಷ್ಟರಲ್ಲಿ ಬಿರುಗಾಳಿಯೆದ್ದು, ಸುಲ್ತಾನನ ಉಡುಗೊರೆಗಳಿದ್ದ ಹಡಗು ಒಡೆದು, ಸಂಗಡಿಗರು ಮೃತಪಟ್ಟರು. ಅವರ ಸಾಮಾನುಗಳಿದ್ದ ಇನ್ನೊಂದು ನೌಕೆ ಅವರನ್ನು ಬಿಟ್ಟು ಹೊರಟುಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಹಾಸು. ರಾಯಭಾರಿಯು ಪುನಃ ಒಂಟಿ ಪಯಣಿಗನಾದರು. ಇಲ್ಲಿ ನಾವು ಎಚ್ಚರದಿಂದ ಮಾತಾಡಬೇಕು. ಉಳಿದವರು ಪುಣ್ಯವಂತರು, ಮುಳುಗಿದವರು ಶಿಕ್ಷೆಗೊಳಗಾದವರು ಎಂದು ತೀರ್ಪು ನೀಡುವ ಅಧಿಕಾರ ನಮಗಿಲ್ಲ. ಅಲ್ಲಾಹನ ವಿಧಿಯ ಒಳಮರ್ಮ ಅವನಿಗೇ ತಿಳಿದಿದೆ.

ದೆಹಲಿಗೆ ಹಿಂದಿರುಗಲು ಅಂಜಿ ಅವರು ಹೊನ್ನಾವರದ ಸುಲ್ತಾನ್ ಜಮಾಲುದ್ದೀನರ ಆಶ್ರಯಕ್ಕೆ ಬಂದರು. ಮೊದಲ ಭೇಟಿಯಲ್ಲಿ ಅವರು ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡಿದ್ದರು. ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದವರೆಂದು ದಾಖಲಿಸಿದ್ದರು. ಈ ಬಾರಿ ಅವರಿಗೆ ಮಾಡಲು ಕೆಲಸವಿರಲಿಲ್ಲ, ಹೋಗಲು ದಾರಿಯಿರಲಿಲ್ಲ. ಮೂರು ತಿಂಗಳು ಮಸೀದಿಯಲ್ಲಿದ್ದು ಮೊದಲು ದಿನಕ್ಕೊಂದು ಖತಂ, ಬಳಿಕ ದಿನಕ್ಕೆರಡು ಖತಂ ಓದಿದರು. ಅದರಲ್ಲಿ 40 ದಿನಗಳನ್ನು ಏಕಾಂತದ ಆರಾಧನೆಯಲ್ಲಿ ಕಳೆದರು. ನಿಂತುಹೋದ ಕಾಲವನ್ನು ಅವರು ತುಂಬಿದ ರೀತಿಯಿದು.

ತಡೆಯಲ್ಪಟ್ಟ ಪಯಣಿಗನನ್ನು ನಮ್ಮ ಕರ್ಮಶಾಸ್ತ್ರವೂ ಮರೆತಿಲ್ಲ. ಒಂದೂರಿನಲ್ಲಿ ಪೂರ್ಣ ನಾಲ್ಕು ದಿನ ತಂಗುವ ಸಂಕಲ್ಪ ಮಾಡಿದವನಿಗೆ ಶಾಫಿಈ ಮದ್ಹಬಿನಲ್ಲಿ ಪಯಣಿಗನ ರಿಯಾಯಿತಿ ಮುಗಿಯುತ್ತದೆ. ಆದರೆ ಕೆಲಸ ಇಂದು ಮುಗಿದೀತು, ನಾಳೆ ಹೊರಟೇನು ಎಂದು ಕಾಯುತ್ತಿರುವವನು 18 ದಿನಗಳವರೆಗೆ ನಮಾಝನ್ನು ಕಸ್ರ್ ಮಾಡಬಹುದು. ಅನುಕೂಲದ ಗಾಳಿಗೆ ಕಾಯುವ ಹಡಗಿನವರ ಕಷ್ಟ ನಮ್ಮ ಉಲಮಾಗಳಿಗೆ ತಿಳಿದಿತ್ತು. ಪವಿತ್ರ ಕುರ್‌ಆನ್ ಝಕಾತಿನ ಹಕ್ಕುದಾರರಲ್ಲಿ ದಾರಿಹೋಕನನ್ನೂ ಸೇರಿಸಿದೆ. ಹೀಗೆ ಕಾಯುವವನಿಗೆ ರಿಯಾಯಿತಿಯನ್ನೂ, ಅವನು ತಂಗಿದ ಊರಿನವರಿಗೆ ಹೊಣೆಯನ್ನೂ ದೀನ್ ಒಟ್ಟಿಗೇ ನೀಡಿದೆ.

ಪಯಣವು ಯಾತನೆಯ ಒಂದು ಭಾಗವೆಂದು ಪ್ರವಾದಿವರ್ಯರು(ಸ) ಹೇಳಿರುವಾಗ, ತಡವಾಗುವುದು ಸುಖವೆಂದು ನಾವು ನಟಿಸಬೇಕಾಗಿಲ್ಲ. ತಡವನ್ನು ತಪ್ಪಿಸಲು ಯತ್ನಿಸುವುದು ತವಕ್ಕುಲಿಗೆ ವಿರುದ್ಧವೂ ಅಲ್ಲ. ಇಬ್ನ್ ಬತೂತಾ ಪ್ರತಿಸಲವೂ ಬೇರೆ ದಾರಿಯನ್ನು ಹುಡುಕಿದರು. ಆದರೆ ದಾರಿ ತೆರೆಯುವವರೆಗೆ ನಿಂತ ಊರನ್ನು ಕಣ್ತೆರೆದು ನೋಡಿದರು, ಅಲ್ಲಿನವರ ಹೆಸರು ಕೇಳಿ ತಿಳಿದರು, ಅಲ್ಲಿನ ಮಸೀದಿಯಲ್ಲಿ ಕುಳಿತು ಓದಿದರು. ವಿದೇಶದ ವಿಮಾನ ನಿಲ್ದಾಣದಲ್ಲಿ ಒಂಟಿಯಾಗಿ ಕಾಯುವ ನಮ್ಮ ಯುವಕರಿಗೂ, ಅಂತಹವರು ನಮ್ಮೂರಲ್ಲಿ ಸಿಲುಕಿಕೊಂಡಾಗ ನಮಗೂ ಇದರಲ್ಲಿ ಮಾದರಿಯಿದೆ. ಕಾಯುವವರಿಗೆ ಸಹನೆಯನ್ನೂ ಕಾಯುವವರ ನೆರೆಯಲ್ಲಿರುವವರಿಗೆ ಔದಾರ್ಯವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.