ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಮತ್ತು ನಮ್ಮ ಬಳ್ಳಾರಿ ಸೀಮೆ

ಕಳೆದ ಭಾನುವಾರ ಕುರುಗೋಡಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದಳು. ಮಗಳು ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದಿದ್ದಾಳೆ. ಕಾಫಿ ಕುಡಿದ ಮೇಲೆ ತಾಯಿ ಮೆಲ್ಲಗೆ ಕೇಳಿದಳು: "ಸಾರ್, ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂತ ಒಂದು ಬ್ರಾಂಚ್ ಐತಂತಲ್ಲ, ಅದನ್ನ ತಗೋಬಹುದಾ? ನೀವು ಹೇಳಿದಂಗೆ ಮಾಡ್ತೀವಿ."

"ನೀವು ಹೇಳಿದಂಗೆ" ಎಂಬ ಆ ಮಾತು ನನ್ನನ್ನು ಒಂದು ಕ್ಷಣ ಮೂಕನನ್ನಾಗಿಸಿತು. ಇದೇ ಪ್ರಶ್ನೆ ನನ್ನ ಮುಂದೆ ಮೊದಲು ಬಂದದ್ದು 1996ರಲ್ಲಿ. ಆಗ ನಾನು ಸಿರುಗುಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುತ್ತಿದ್ದೆ. ನನ್ನಲ್ಲಿ ಎಸ್.ಎಸ್.ಎಲ್.ಸಿ. ಓದಿ ಹೋದ ಹುಡುಗನೊಬ್ಬ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದು, ತಂದೆಯೊಡನೆ ಕೌನ್ಸೆಲಿಂಗ್‌ಗೆಂದು ಬೆಂಗಳೂರಿಗೆ ಹೋಗಿದ್ದ. ತಂದೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಹುಡುಗನ ರ‍್ಯಾಂಕಿಗೆ ದೊರೆಯುತ್ತಿದ್ದುದು ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಶಾಖೆಯ ಒಂದು ಸೀಟು. ಏನು ಮಾಡಬೇಕೆಂದು ತಿಳಿಯದೆ ಅವನು ಎಸ್.ಟಿ.ಡಿ. ಬೂತಿನಿಂದ ನಮ್ಮ ಶಾಲೆಗೆ ಫೋನ್ ಮಾಡಿದ. ಆ ಶಾಖೆಯ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿಲ್ಲ ಎಂದು ಹೇಳುವುದಕ್ಕೆ ಮೇಷ್ಟ್ರಾದ ನನಗೆ ಸಂಕೋಚ. ಬೂತಿನ ಮೀಟರು ಓಡುತ್ತಿದೆಯೆಂಬ ಆತುರ ಬೇರೆ. "ಅದು ಫೋರ್‌ಮನ್‌ಗಳು ಓದುವ ಓದು ಕಣಪ್ಪ, ಅದಕ್ಕೆ ಇಂಜಿನಿಯರ್ ಅನ್ನೋದಿಲ್ಲ. ಬಿಟ್ಟು ಬಾ, ಮುಂದಿನ ವರ್ಷ ನೋಡೋಣ" ಎಂದುಬಿಟ್ಟೆ. ಅವನು ಬಿಟ್ಟು ಬಂದ. ಮುಂದಿನ ವರ್ಷ ರ‍್ಯಾಂಕು ಇನ್ನೂ ಕೆಳಗಿಳಿಯಿತು. ಕೊನೆಗೆ ಬಿ.ಎಸ್‌ಸಿ. ಸೇರಿದ.

ನಾನು ಬೇಡವೆಂದ ಆ ವಿದ್ಯೆ ಏನೆಂಬುದನ್ನು ತಿಳಿಯಲು ಆಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆ. ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ ಎನ್ನಿ. ಆದರೂ ಓದಿದ್ದು ವ್ಯರ್ಥವಾಗಲಿಲ್ಲ.

ಮೆಕ್ಯಾನಿಕಲ್ ಇಂಜಿನಿಯರನು ಯಂತ್ರವನ್ನು ನೋಡುತ್ತಾನೆ. ಇಂಡಸ್ಟ್ರಿಯಲ್ ಇಂಜಿನಿಯರನು ಯಂತ್ರ, ಅದರ ಮುಂದೆ ನಿಂತ ಮನುಷ್ಯ, ಅವನ ಕೈಗೆ ಬರುವ ಸರಕು, ಹಿಡಿಯುವ ಹೊತ್ತು, ತಗಲುವ ಖರ್ಚು ಇವೆಲ್ಲವನ್ನೂ ಒಟ್ಟಿಗೆ ನೋಡುತ್ತಾನೆ. ಈ ನೋಟಕ್ಕೆ ತಳಹದಿ ಹಾಕಿದವನು ಅಮೆರಿಕದ ಫ್ರೆಡರಿಕ್ ವಿನ್ಸ್‌ಲೋ ಟೇಲರ್. ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದ ಈತ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂಲಿಗಳ ಕೆಲಸವನ್ನು ತುಣುಕು ತುಣುಕಾಗಿ ಅಳೆದ. ಸಲಿಕೆಯೊಂದರಲ್ಲಿ ಎಷ್ಟು ಭಾರ ಎತ್ತಿದರೆ ದಿನದ ಕೊನೆಗೆ ಹೆಚ್ಚು ಕೆಲಸವಾಗುತ್ತದೆ ಎಂದು ಪರೀಕ್ಷಿಸಿ 21 ಪೌಂಡು, ಅಂದರೆ ಸುಮಾರು ಒಂಬತ್ತೂವರೆ ಕಿಲೋ, ಎಂದು ಕಂಡುಕೊಂಡ. 1911ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊರುವ ಕೂಲಿಗಳ ಪ್ರಸಂಗವಿದೆ. ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದವನು ಟೇಲರನ ಕ್ರಮದಂತೆ 47 ಟನ್ನು ಹೊತ್ತ. ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ನಾನು ಗಣಿತದ ಮೇಷ್ಟ್ರು, ಭಾಗಾಕಾರ ಮಾಡದೆ ಬಿಡಲಾರೆ. ಹೊರೆ ಮೂರುಮುಕ್ಕಾಲು ಪಟ್ಟಾಯಿತು, ಕೂಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲೆ! ಅದೇ 1911ರಲ್ಲಿ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರು ಈ ಸ್ಟಾಪ್‌ವಾಚಿನ ವಿರುದ್ಧ ಮುಷ್ಕರ ಹೂಡಿದರು. ಅಮೆರಿಕದ ಸಂಸತ್ತು ಟೇಲರನನ್ನೇ ಕರೆಸಿ ವಿಚಾರಣೆ ನಡೆಸಿತು.

ನನಗೆ ಹೆಚ್ಚು ಹಿಡಿಸಿದವರು ಟೇಲರನ ಕಾಲದವರೇ ಆದ ಗಿಲ್‌ಬ್ರೆತ್ ದಂಪತಿಗಳು. ಫ್ರಾಂಕ್ ಗಿಲ್‌ಬ್ರೆತ್ ಹುಡುಗನಾಗಿದ್ದಾಗ ಇಟ್ಟಿಗೆ ಕಟ್ಟುವ ಕೆಲಸ ಕಲಿತವನು. ಒಂದು ಇಟ್ಟಿಗೆ ಇಡುವುದಕ್ಕೆ ಗಾರೆ ಕೆಲಸದವನು 18 ಚಲನೆಗಳನ್ನು ಮಾಡುತ್ತಾನೆಂದು ಎಣಿಸಿ, ಇಟ್ಟಿಗೆಯನ್ನು ಬಗ್ಗದೆ ಎತ್ತಿಕೊಳ್ಳುವಂತೆ ಅಟ್ಟಣೆ ಮಾಡಿಸಿ, ಅವನ್ನು ಐದಕ್ಕೆ ಇಳಿಸಿದ. 1924ರಲ್ಲಿ ಅವನು ತೀರಿಕೊಂಡಾಗ ಪತ್ನಿ ಲಿಲಿಯನ್ ದೊಡ್ಡ ಸಂಸಾರವನ್ನು ಸಾಕುತ್ತಲೇ ಈ ವಿದ್ಯೆಯನ್ನು ಅಡುಗೆಮನೆಯವರೆಗೂ ತಂದಳು. ಒಲೆ, ನೀರು, ಪಾತ್ರೆ ಎಲ್ಲಿರಬೇಕು, ಹೆಂಗಸು ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತಾಳೆ ಎಂಬುದನ್ನೂ ಲೆಕ್ಕ ಹಾಕಿದವಳು ಆಕೆ. ದಣಿವು ಕಡಿಮೆಯಾಗಬೇಕು ಎಂಬುದು ಇವರ ಗುರಿ. ಟೇಲರನಲ್ಲಿ ಈ ಕಾಳಜಿ ಇಷ್ಟು ಕಾಣುವುದಿಲ್ಲ.

ನಮ್ಮ ದೇಶಕ್ಕೆ ಇದು ಬಂದದ್ದು ಮುಖ್ಯವಾಗಿ ಸ್ವಾತಂತ್ರ್ಯಾನಂತರ. 1950ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರು ಬಂದು ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ಕೆಲಸದ ಅಧ್ಯಯನ ನಡೆಸಿದರು. 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಸ್ಥಾಪನೆಯಾಯಿತು. 1963ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಈ ವಿದ್ಯೆಗೆಂದೇ ನೀಟೀ ಎಂಬ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. 2023ರಲ್ಲಿ ಅದು ಐ.ಐ.ಎಂ. ಮುಂಬಯಿ ಆಗಿದೆ. ಕರ್ನಾಟಕದಲ್ಲಿ ಕಲಬುರಗಿಯ ಪಿ.ಡಿ.ಎ. ಕಾಲೇಜು, ಹುಬ್ಬಳ್ಳಿಯ ಬಿ.ವಿ.ಬಿ., ಮೈಸೂರಿನ ಎಸ್.ಜೆ.ಸಿ.ಇ. ಮೊದಲಾದೆಡೆ ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ ಎಂಬ ಹೆಸರಿನಲ್ಲಿ, ಬೆಂಗಳೂರಿನ ಎಂ.ಎಸ್. ರಾಮಯ್ಯ, ತುಮಕೂರಿನ ಸಿದ್ಧಗಂಗಾ ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಇದನ್ನು ಕಲಿಸಿದರು. ಕಂಪ್ಯೂಟರಿನ ಹುಚ್ಚು ಹಿಡಿದ ಮೇಲೆ ಕೆಲವೆಡೆ ಶಾಖೆಯನ್ನು ಮುಚ್ಚಿದರು, ಕೆಲವೆಡೆ ಹೆಸರು ಬದಲಿಸಿದರು. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘದವರು 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ನಮ್ಮ ಕಡೆಯ ಎಷ್ಟೋ ರೈತರ ಮಕ್ಕಳು ಇಂಜಿನಿಯರ್ ಎನಿಸಿಕೊಂಡದ್ದು ಅದರಿಂದ.

ಇಷ್ಟು ಓದಿದ ಮೇಲೆ ಬಳ್ಳಾರಿ ನನಗೆ ಬೇರೆಯಾಗಿ ಕಾಣತೊಡಗಿತು. ಕೌಲ್ ಬಜಾರಿನ ಗಲ್ಲಿಗಳಲ್ಲಿ ನಡೆದರೆ ಮನೆಮನೆಯಲ್ಲೂ ಹೊಲಿಗೆ ಯಂತ್ರದ ಸದ್ದು. ಬ್ರಿಟಿಷರ ದಂಡು ಇಲ್ಲಿದ್ದಾಗ ಸಿಪಾಯಿಗಳ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳಿಂದ ಈ ಕಸುಬು ಬೆಳೆಯಿತೆಂದು ಹಿರಿಯರು ಹೇಳುತ್ತಿದ್ದರು. ಅದೇ ಕೈಗಳು ಮುಂದೆ ಜೀನ್ಸ್ ಹೊಲಿದವು. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಜಿಪ್ಪು, ಮತ್ತೊಂದರಲ್ಲಿ ಸೊಂಟಪಟ್ಟಿ, ಕಟ್ಟೆಯ ಮೇಲೆ ಕುಳಿತ ಮುದುಕಿಯರ ಕೈಯಲ್ಲಿ ದಾರ ಕತ್ತರಿಸುವ ಕೆಲಸ, ಕೊನೆಗೆ ವಾಷಿಂಗ್. ಯಾವ ಕಾಲೇಜೂ ಹೇಳಿಕೊಡದ ಶ್ರಮವಿಭಜನೆ ಇದು.

ಇಲ್ಲಿ ಆ ವಿದ್ಯೆ ಹೇಗೆ ಕೆಲಸ ಮಾಡುತ್ತದೆಂದು ಒಂದು ಕಲ್ಪಿತ ಲೆಕ್ಕದಿಂದ ಹೇಳುತ್ತೇನೆ. ಜೇಬು ಹೊಲಿಯಲು ಒಬ್ಬಾಕೆಗೆ 30 ಸೆಕೆಂಡು ಹಿಡಿಯಿತೆನ್ನೋಣ. ಆಕೆಯ ವೇಗ ಸಾಮಾನ್ಯ ವೇಗದ ನೂರಕ್ಕೆ 90 ಎಂದು ಕಂಡರೆ ಮೂಲಕಾಲ 27 ಸೆಕೆಂಡು. ನೀರು ಕುಡಿಯುವುದು, ಬೆನ್ನು ನೆಟ್ಟಗೆ ಮಾಡುವುದು, ದಾರ ತುಂಡಾಗುವುದು ಇವುಗಳಿಗೆಂದು ಶೇಕಡ 15 ಸೇರಿಸಿದರೆ ಸುಮಾರು 31 ಸೆಕೆಂಡು. ಎಂಟು ಗಂಟೆಗೆ ಸುಮಾರು 930 ಜೇಬು. ಆದರೆ ಅದೇ ಸಾಲಿನಲ್ಲಿ ಸೊಂಟಪಟ್ಟಿಗೆ 50 ಸೆಕೆಂಡು ಹಿಡಿದರೆ ಸಾಲಿನ ಕೊನೆಗೆ ಬರುವುದು 576 ಪ್ಯಾಂಟು ಮಾತ್ರ. ಜೇಬಿನವಳನ್ನು ಎಷ್ಟು ಗದರಿಸಿದರೂ ಒಂದು ಪ್ಯಾಂಟೂ ಹೆಚ್ಚಾಗದು. ಸೊಂಟಪಟ್ಟಿಗೆ ಇನ್ನೊಂದು ಮಷಿನ್ ಹಾಕಬೇಕು. ಗದರಿಸಬೇಡ, ಮಷಿನ್ ಹಾಕು ಎಂದು ಮಾಲೀಕನಿಗೆ ಅಂಕಿ ಮುಂದಿಟ್ಟು ಹೇಳಬಲ್ಲವನೇ ಇಂಡಸ್ಟ್ರಿಯಲ್ ಇಂಜಿನಿಯರ್.

ತೋರಣಗಲ್ಲಿನ ಕಥೆಯೂ ಇದಕ್ಕೆ ಹೊರತಲ್ಲ. 1971ರಲ್ಲಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಆ ಕಲ್ಲು ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಜಿಂದಾಲ್‌ನವರು 1990ರ ದಶಕದಲ್ಲಿ ಬಂದ ಮೇಲೆಯೇ ಅಲ್ಲಿ ಉಕ್ಕು ಹರಿದದ್ದು. ಅಂಥ ಕಡೆ ಅದಿರು ಎಲ್ಲಿಂದ, ಯಾವ ಹೊತ್ತಿಗೆ, ಎಷ್ಟು ಬರಬೇಕು ಎಂಬುದೇ ಒಂದು ಶಾಸ್ತ್ರ. ಆದರೆ 2000ದ ನಂತರದ ಗಣಿಗಾರಿಕೆಯ ಭರಾಟೆಯಲ್ಲಿ ನಮ್ಮ ಹುಡುಗರಿಗೆ ಓದೇ ಬೇಡವಾಗಿತ್ತು. ಲಾರಿ ಕೊಂಡವನೇ ಜಾಣನೆನಿಸಿದ ಕಾಲ. ಹತ್ತನೆಯ ತರಗತಿಯಲ್ಲಿ ಬೆಂಚುಗಳು ಖಾಲಿಯಾದುದನ್ನು ನಾನು ಕಣ್ಣಾರೆ ಕಂಡೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಆ ಲಾರಿಗಳು ರಸ್ತೆಬದಿಯಲ್ಲಿ ಸಾಲುಗಟ್ಟಿ ನಿಂತವು.

ಇನ್ನು ಆ ಹುಡುಗನ ವಿಷಯ. ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ. ಅಲ್ಲಿ ಐ.ಇ. ಡಿಪಾರ್ಟ್‌ಮೆಂಟ್ ಎಂಬುದೊಂದಿತ್ತು. ಅವರ ಕೈಯಲ್ಲಿ ಸ್ಟಾಪ್‌ವಾಚು, ರಟ್ಟಿನ ಹಲಗೆ. ಲೆಕ್ಕದಲ್ಲಿ ಚುರುಕಾದ ಇವನನ್ನು ಸಹಾಯಕನಾಗಿ ಎಳೆದುಕೊಂಡರು. ಪದವಿಯಿಲ್ಲದ ಕಾರಣ ಬೇರೆಯವರು ನಾಲ್ಕು ವರ್ಷಗಳಲ್ಲಿ ಏರಿದ ಮೆಟ್ಟಿಲನ್ನು ಏರಲು ಇವನಿಗೆ ಹನ್ನೆರಡು ವರ್ಷ ಬೇಕಾಯಿತು. 2014ರಲ್ಲಿ ತಂಗಿಯ ಮದುವೆಯ ಕರೆಯೋಲೆ ಹಿಡಿದು ಮನೆಗೆ ಬಂದಾಗ ಇದನ್ನೆಲ್ಲ ನಗುನಗುತ್ತಲೇ ಹೇಳಿದ. ನಾನು ಅಂದು ಹೇಳಿದ್ದು ತಪ್ಪಾಯಿತಪ್ಪ ಎಂದೆ. "ಬಿಡಿ ಸಾರ್, ನಿಮಗಾದರೂ ಯಾರು ಹೇಳಿಕೊಟ್ಟಿದ್ದರು" ಎಂದ. ಆ ಕ್ಷಮೆ ನನಗೆ ಬೈಗುಳಕ್ಕಿಂತ ಭಾರವಾಯಿತು.

ಹೊರಡುವ ಮುನ್ನ ಇನ್ನೊಂದು ಮಾತು ಹೇಳಿದ. "ಸ್ಟಾಪ್‌ವಾಚ್ ಒತ್ತುವಾಗ ಎಷ್ಟೋ ಸಲ ಅಪ್ಪ ನೆನಪಾಗ್ತಾನೆ ಸಾರ್. ಚೀಲ ಹೊತ್ತು ಏಣಿ ಹತ್ತುವಾಗ ಅಪ್ಪ ನಡುವೆ ಒಂದು ಕ್ಷಣ ನಿಂತು ಉಸಿರು ಬಿಡ್ತಿದ್ದ. ಗಿರಣಿ ಗುಮಾಸ್ತ ಅದನ್ನ ಸೋಮಾರಿತನ ಅಂತಿದ್ದ. ನಮ್ಮ ಲೆಕ್ಕದಲ್ಲಿ ಆ ಉಸಿರಿಗೂ ಒಂದು ಕಾಲಂ ಐತಿ. ಮೇಲಿನವರು ಟಾರ್ಗೆಟ್ ಏರಿಸಬೇಕು ಅಂದಾಗ ಮೊದಲು ಕತ್ತರಿಸೋಕೆ ಹೇಳೋದು ಆ ಕಾಲಮ್ಮನ್ನೇ. ನಾನು ಕತ್ತರಿಸೋದಿಲ್ಲ. ಅದಕ್ಕೇ ಎರಡು ಕಂಪನಿ ಬಿಟ್ಟೆ."

ಕುರುಗೋಡಿನ ಆ ಹುಡುಗಿಗೆ ನಾನು ತಿಳಿದಷ್ಟು ದಾರಿಗಳನ್ನು ಹೇಳಿದೆ. 371 ಜೆ ಕಲಮಿನಿಂದ ನಮ್ಮ ಭಾಗದವರಿಗೆ ಈಗ ಸೀಟಿನ ಮೀಸಲಾತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಮರೆಯಬಾರದು. ಮೆಕ್ಯಾನಿಕಲ್ ಓದಿಯೂ ಮುಂದೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್.ನಲ್ಲಿ ಈ ಕಡೆ ಹೊರಳಬಹುದು. ಡಿಪ್ಲೊಮಾ ಮಾಡಿದವರೂ ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೆಲಸ ಕಾರ್ಖಾನೆಯಲ್ಲೇ ಸಿಗಬೇಕೆಂದಿಲ್ಲ. ಆಸ್ಪತ್ರೆ, ಗೋದಾಮು, ವಿಮಾನ ನಿಲ್ದಾಣಗಳಿಗೂ ಈಗ ಇವರು ಬೇಕು. "ಹಾಗಾದರೆ ತಗೋಬೇಕಾ, ಬೇಡವಾ, ಒಂದೇ ಮಾತಿನಲ್ಲಿ ಹೇಳಿಬಿಡಿ ಸಾರ್" ಎಂದಳು ತಾಯಿ.

ನಾನು ಹೇಳಲಿಲ್ಲ. ಒಂದು ಚೀಟಿಯಲ್ಲಿ ಸಿರುಗುಪ್ಪದ ಆ ಹುಡುಗನ ಮೊಬೈಲ್ ನಂಬರು ಬರೆದುಕೊಟ್ಟೆ. ಹುಡುಗಿ ಅಲ್ಲೇ ಕುಳಿತು ಫೋನ್ ಮಾಡಿದಳು. ಮುಕ್ಕಾಲು ಗಂಟೆ ಮಾತಾಡಿದರು. ನಾನು ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದೆ.